ಬಸವನಹುಳುವಿನ ಹಲ್ಲು

ಹಲ್ಲುಮಾವ ಹೋದ ಮಂಗಳವಾರ ಬೆಳಗ್ಗೆ ತೀರಿಕೊಂಡ. ಕೆಲಸದ ಮೇಜಿನ ಮುಂದೆ, ಕುರ್ಚಿಯಲ್ಲಿ ಕುಳಿತಲ್ಲೇ ಪ್ರಾಣ ಹೋಗಿತ್ತು. ಅವನ ಹೃದಯ ಸೋತಿದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಅವನ ಅಕ್ಕ ಅದೇ ಕೋಣೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕುಳಿತಿದ್ದರು. ಅವರಿಗೆ ಕಣ್ಣು ಕಾಣುವುದಿಲ್ಲ.

ಹಲ್ಲುಮಾವ ಎನ್ನುವುದು ಬೀದಿಯ ಮಕ್ಕಳು ಇಟ್ಟ ಹೆಸರು. ಅವನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ತಮ್ಮಲ್ಲಿಗೆ ಬಂದವರ ಬಾಯಿಯ ಅಚ್ಚು ತೆಗೆದು ಇವನಿಗೆ ಕಳಿಸುತ್ತಿದ್ದರು. ಇವನು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಎರಕ ಹೊಯ್ದು, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ನಸುಗೆಂಪು ಒಸಡಿನ ಸಮೇತ ಸೆಟ್ಟು ಮುಗಿಸಿ ವಾಪಸು ಕಳಿಸುತ್ತಿದ್ದ. ಮೊದಲ ಮಹಡಿಯ ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಕಟ್ಟೆಯ ಮೇಲೆ ಇಟ್ಟ ಬಿಳಿ ದವಡೆಗಳು ಸಾಲಾಗಿ ಬೀದಿಗೆ ಮುಖ ಮಾಡಿ ಹಲ್ಲು ಕಿರಿಯುತ್ತಿದ್ದವು. ಹೊಸದಾಗಿ ಬೀದಿಗೆ ಬಂದವರು ಒಮ್ಮೆ ಬೆಚ್ಚಿಬಿದ್ದು, ಆಮೇಲೆ ಅವೇ ದವಡೆಗಳನ್ನು ಗುರುತು ಹೇಳಿ ನೆಂಟರಿಗೆ ವಿಳಾಸ ಕೊಡುತ್ತಿದ್ದರು.

ಊರಿಗೆಲ್ಲ ಹಲ್ಲು ಕೊಟ್ಟವನ ಬಾಯಲ್ಲಿ ಮುಂದಿನ ಒಂದು ಹಲ್ಲು ಇರಲಿಲ್ಲ. ನೀನೇ ಮಾಡಿಕೊಳ್ಳಬಾರದೇನೋ ಎಂದು ಕೇಳಿದರೆ, ಬೇರೆಯವರದ್ದೆಲ್ಲ ಮುಗಿಯಲಿ ಎನ್ನುತ್ತಿದ್ದ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೂ ಉತ್ತರ ಸಿದ್ಧವಿತ್ತು: "ಎರಡು ದವಡೆ ಸರಿಯಾಗಿ ಕೂಡಿಸೋದೇ ಇಷ್ಟು ಕಷ್ಟ, ಇನ್ನು ಎರಡು ಮನೆ ಯಾರು ಕೂಡಿಸ್ತಾರೆ?" ಆ ಹಲ್ಲಿಲ್ಲದ ಸಂದಿಯಿಂದಾಗಿ 'ಸ' ಬಂದಲ್ಲೆಲ್ಲ ಅವನ ಮಾತಿನಲ್ಲಿ ಸಣ್ಣ ಸಿಳ್ಳೆಯೊಂದು ಸೇರಿಕೊಳ್ಳುತ್ತಿತ್ತು. 'ಒಂದ್ನಿಮಿಷ ಇರಿ' ಎಂಬ ಚಿಕ್ಕ ವಿಡಿಯೊಗಳನ್ನು ನೋಡಿದವರಿಗೆ ಆ ಸಿಳ್ಳೆ ಗೊತ್ತು. ಅವನ ಕೈಗಳೂ ಗೊತ್ತು: ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಮೆತ್ತಿಕೊಂಡ, ಹೆಬ್ಬೆರಳು ಸ್ವಲ್ಪ ಹೊರಕ್ಕೆ ಬಾಗಿದ ಕೈಗಳು. ಮುಖವನ್ನು ಅವನು ಯಾವತ್ತೂ ತೋರಿಸಲಿಲ್ಲ.

ನಾನೂ ಅವನೂ ಶಾಲೆಯಲ್ಲಿ ಒಂದೇ ಬೆಂಚಿನವರು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದೆ. ಓದುವ ಚಟ ಇದ್ದುದರಿಂದ ಅವನು ನನ್ನನ್ನು ಪಂಡಿತ ಎನ್ನುತ್ತಿದ್ದ. ಹೊಗಳುವ ಧಾಟಿಯಲ್ಲಿ ಅಲ್ಲ.

ಬೆರಗಾಗುವುದು ಇವನಿಗೆ ಹುಟ್ಟಿನಿಂದ ಬಂದ ಕಾಯಿಲೆ ಎಂದು ಅಕ್ಕ ಹೇಳುತ್ತಿದ್ದರು. ತಾಯಿ ಬೇಗ ತೀರಿಕೊಂಡ ಮನೆ ಅದು. ಅವನಿಗಿಂತ ಎಂಟೊಂಬತ್ತು ವರ್ಷ ದೊಡ್ಡವರಾದ ಅಕ್ಕನೇ ಅವನನ್ನು ಬೆಳೆಸಿದ್ದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕ ಮೇಲೂ, ತಮ್ಮನಿಗೆ ಊಟ ಬಡಿಸಿಯೇ ಅವರು ಡ್ಯೂಟಿಗೆ ಹೋಗುತ್ತಿದ್ದರು. ಊಟಕ್ಕೆ ಕರೆದರೆ ಅವನು ಬರುತ್ತಿರಲಿಲ್ಲ. ಬಚ್ಚಲ ಗೋಡೆಯ ಮೇಲೆ ನೀರಿನ ಹನಿಯೊಂದು ಇನ್ನೊಂದು ಹನಿಯನ್ನು ನುಂಗಿ ಓಡುವುದನ್ನು ನೋಡುತ್ತಾ ನಿಂತಿರುತ್ತಿದ್ದ. ಬೈಯಲು ಹೋದ ಅಕ್ಕನೂ ಅವನ ಪಕ್ಕದಲ್ಲಿ ನಿಂತುಬಿಡುತ್ತಿದ್ದರಂತೆ. "ಅನ್ನ ಆರಿಹೋಗ್ತಿತ್ತು. ನಾವಿಬ್ರೂ ಅಲ್ಲೇ," ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಅಕ್ಕನ ಕಣ್ಣಿನ ನರ ಒಣಗುತ್ತಿದೆ ಎಂದು ಗೊತ್ತಾದದ್ದು ಅವರು ನಿವೃತ್ತರಾದ ಮೇಲೆ. ಮೊದಲು ಅಕ್ಕಪಕ್ಕದ್ದು ಹೋಯಿತು, ಎದುರಿಗಿರುವುದು ಮಾತ್ರ ಉಳಿಯಿತು. ಕೊಳವೆಯೊಳಗಿಂದ ನೋಡಿದಂತೆ ಇದೆ ಎನ್ನುತ್ತಿದ್ದರು. ಆ ಕೊಳವೆಯೂ ದಿನದಿಂದ ದಿನಕ್ಕೆ ಕಿರಿದಾಗುತ್ತಿತ್ತು. ಅತ್ತು ಕರೆದು ಮಾಡುವ ಜಾತಿ ಅಲ್ಲ ಅವರು. ತಮ್ಮನನ್ನು ಕರೆದು, ಮುಚ್ಚುವುದರೊಳಗೆ ನೋಡಬೇಕಾದದ್ದನ್ನೆಲ್ಲ ಒಂದೊಂದಾಗಿ ತೋರಿಸು, ದೊಡ್ಡದು ಮಾಡಿ ತೋರಿಸು ಎಂದರು.

ಅವನ ಮೇಜಿನ ಮೇಲೆ ಭೂತಗನ್ನಡಿ ಇರುವ ದೀಪವಿತ್ತು, ಬೇಕಾದ ಕಡೆ ಬಗ್ಗಿಸಬಹುದಾದ ಉದ್ದ ತೋಳಿನದು. ಹಲ್ಲಿನ ಅಂಚು ಕೊರೆಯಲು ಅದು ಬೇಕು. ಆ ತೋಳಿಗೆ ಅವನು ಫೋನನ್ನು ರಬ್ಬರ್ ಪಟ್ಟಿಯಿಂದ ಕಟ್ಟಿದ. ಭೂತಗನ್ನಡಿಯ ಮೂಲಕ ಚಿತ್ರ ತೆಗೆದು, ಟಿವಿಯ ದೊಡ್ಡ ಪರದೆಗೆ ಹಾಕಿ, ಅಕ್ಕನ ಕುರ್ಚಿಯನ್ನು ಅದರ ಮುಂದಕ್ಕೆ ಎಳೆದ. ಅಕ್ಕನ ಕಣ್ಣು ಬೇಗ ದಣಿಯುತ್ತಿದ್ದುದರಿಂದ ಒಂದು ನಿಮಿಷಕ್ಕಿಂತ ಹೆಚ್ಚು ಇರಕೂಡದು ಎಂಬುದು ಕಟ್ಟಳೆ. ಆ ವಿಡಿಯೊಗಳು ಹುಟ್ಟಿದ್ದು ಹೀಗೆ, ಒಬ್ಬರೇ ಒಬ್ಬ ನೋಡುಗರಿಗಾಗಿ.

ಮೊದಲನೆಯದು ಪ್ಲಾಸ್ಟರಿನ ಬಗ್ಗೆ. ಅದೂ ಅವನ ಕೈಯೊಳಗಿನ ದಿನನಿತ್ಯದ ಪುಡಿ. ಬಟ್ಟಲಲ್ಲಿ ಪುಡಿಗೆ ನೀರು ಹಾಕಿ ಕಲಸಿ, ಅಕ್ಕನ ಅಂಗೈಯನ್ನು ಬಟ್ಟಲಿನ ಹೊರಮೈಗೆ ಒತ್ತಿ ಹಿಡಿದಿದ್ದಾನೆ. ತಣ್ಣಗಿದ್ದ ಬಟ್ಟಲು ತಾನೇ ತಾನಾಗಿ ಬೆಚ್ಚಗಾಗುತ್ತದೆ. ಒಲೆ ಇಲ್ಲ, ಬೆಂಕಿ ಇಲ್ಲ. ಕಲ್ಲನ್ನು ಕಾಯಿಸಿ ಅದರೊಳಗಿನ ನೀರನ್ನು ಓಡಿಸಿದರೆ ಈ ಪುಡಿ ಆಗುತ್ತದೆ, ಈಗ ನೀರು ಮರಳಿ ಸಿಕ್ಕಿದ್ದರಿಂದ ಪುಡಿ ಪುನಃ ಕಲ್ಲಾಗುತ್ತಿದೆ, ಅಂದು ತಿಂದ ಬಿಸಿಯನ್ನು ವಾಪಸು ಕೊಡುತ್ತಿದೆ ಎಂದು ಅವನ ಸಿಳ್ಳೆ ಬೆರೆತ ದನಿ ಹೇಳುತ್ತದೆ. ಜೀವಮಾನವಿಡೀ ಅದನ್ನೇ ಕಲಸಿದವನು, ಆವತ್ತು ಮೊದಲ ಸಲ ಮುಟ್ಟಿದವನ ಹಾಗೆ ಮಾತಾಡಿದ್ದಾನೆ. ಅದು ನಟನೆಯಲ್ಲ. ಪ್ರತಿ ಬಟ್ಟಲು ಬೆಚ್ಚಗಾದಾಗಲೂ ಅವನು ಹಾಗೇ.

ಆಮೇಲೆ ಉಪ್ಪುನೀರಿನ ಹನಿ. ಗಾಜಿನ ಮೇಲೆ ಹನಿ ಒಣಗುತ್ತಾ ಬರುತ್ತದೆ, ಅಂಚಿನಲ್ಲಿ ಏನೂ ಇರದಿದ್ದ ಕಡೆ ಸಣ್ಣದೊಂದು ಚೌಕ ಮೂಡುತ್ತದೆ. ಅದರ ಪಕ್ಕ ಇನ್ನೊಂದು. ಅಳತೆಪಟ್ಟಿ ಇಟ್ಟು ಗೆರೆ ಎಳೆದಂಥ ಮೂಲೆಗಳು. ಯಾರು ಎಳೆದರು? ಬೆಳಗಿನ ಹೊತ್ತು ಹುಲ್ಲಿನ ತುದಿಯಲ್ಲಿ ಕೂತ ಹನಿಗಳನ್ನೂ ತೋರಿಸಿದ. ಇವೆಲ್ಲ ಆಕಾಶದಿಂದ ಬಿದ್ದ ಇಬ್ಬನಿಯಲ್ಲ, ಕೆಲವನ್ನು ಹುಲ್ಲೇ ಬೇರಿನಿಂದ ಮೇಲಕ್ಕೆ ದೂಡಿ ತುದಿಯಿಂದ ಹೊರಗೆ ಹಾಕಿದೆ ಎಂದ. ಇರುವೆಗಳಿಗೆ ಬಣ್ಣ ಹಾಕಿದ ಸಕ್ಕರೆ ನೀರು ಕುಡಿಸಿದ. ಕೆಂಪು ಕುಡಿದ ಇರುವೆಯ ಹೊಟ್ಟೆ ಕೆಂಪು ಮಣಿಯಾಯಿತು, ಹಸಿರು ಕುಡಿದದ್ದು ಹಸಿರು ಮಣಿ. ಅಕ್ಕ ಅದನ್ನು ಎಷ್ಟು ಸಲ ಹಾಕಿಸಿಕೊಂಡರೋ. ಅವರು ಸ್ಪಷ್ಟವಾಗಿ ಕಂಡ ಕೊನೆಯ ಬಣ್ಣಗಳು ಅವೇ ಇರಬೇಕು.

ದಂತವೈದ್ಯೆಯೊಬ್ಬರು ಈ ಇರುವೆಗಳನ್ನು ನೋಡಿ, ಇದನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಅನ್ಯಾಯ ಎಂದು ಹೇಳಿ ಇಂಟರ್‌ನೆಟ್ಟಿಗೆ ಹಾಕಿಸಿದರು. ಜನ ನೋಡಿದರು. ತಮ್ಮ ಮಕ್ಕಳಿಗೆ ತೋರಿಸಿದರು. ನನ್ನ ಅಜ್ಜಿ ಉಪ್ಪಿನ ಚೌಕ ನೋಡಿ ಕೈ ಮುಗಿದಳು ಎಂದು ಯಾರೋ ಬರೆದರು. ಅಷ್ಟರಲ್ಲಿ ಅಕ್ಕನ ಕಣ್ಣು ಪೂರ್ತಿ ಮುಚ್ಚಿತ್ತು. ಊರೆಲ್ಲ ನೋಡುತ್ತಿತ್ತು, ಯಾರಿಗಾಗಿ ಶುರುವಾಯಿತೋ ಅವರು ಟಿವಿಯ ಮುಂದಿನ ಅದೇ ಕುರ್ಚಿಯಲ್ಲಿ ಕುಳಿತು ತಮ್ಮನ ಮಾತು ಮಾತ್ರ ಕೇಳುತ್ತಿದ್ದರು.

ಸೊಪ್ಪಿನ ಕಂತೆಯೊಂದರಲ್ಲಿ ಬಸವನಹುಳು ಬಂದದ್ದು ಆ ದಿನಗಳಲ್ಲೇ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಕಂದು ಚಿಪ್ಪು. ಅವನು ಅದನ್ನು ಗಾಜಿನ ಹಲಗೆಯ ಮೇಲೆ ಬಿಟ್ಟು, ಕೆಳಗಿನಿಂದ ನೋಡಿದ. ಗಾಜಿಗೆ ಅಂಟಿದ ಪಾದ ಅಲೆ ಅಲೆಯಾಗಿ ಸಾಗುತ್ತಿತ್ತು. ಮುಂದೆ ಒಂದು ಬಾಯಿ. ತೆಳ್ಳಗೆ ಬಳಿದ ಹಿಟ್ಟಿನ ಗಂಜಿ ಎದುರಾದಾಗ ಬಾಯಿ ತೆರೆಯಿತು, ಒಳಗಿನಿಂದ ನಾಲಿಗೆಯಂಥದ್ದು ಬಂದು ಗಾಜನ್ನು ಕೆರೆದು ಒಳಗೆ ಹೋಯಿತು. ಕೆರೆದ ಜಾಗದಲ್ಲಿ ಉಳಿ ಹಾಕಿದಂತೆ ಗೀರುಗಳು.

ನಾನು ಹಳೆಯ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಹುಡುಕಿ ಓದಿ ಹೇಳಿದೆ. ಅದು ನಾಲಿಗೆಯಲ್ಲ, ಹಲ್ಲಿನ ಪಟ್ಟಿ. ಸಾಲು ಸಾಲಾಗಿ ಸಾವಿರಾರು ಹಲ್ಲು, ಬರಿಗಣ್ಣಿಗೆ ಒಂದೂ ಕಾಣದಷ್ಟು ಸಣ್ಣವು. ಮುಂದಿನ ಸಾಲು ಸವೆದು ಉದುರಿದ ಹಾಗೆ ಹಿಂದಿನಿಂದ ಹೊಸ ಸಾಲು ಹುಟ್ಟಿ ಮುಂದಕ್ಕೆ ಸರಿಯುತ್ತದೆ, ಬದುಕಿರುವವರೆಗೂ.

ಅವನು ಕೈಯಲ್ಲಿದ್ದ ಮೇಣದ ಚಾಕುವನ್ನು ಕೆಳಗಿಟ್ಟ. ಎದುರಿಗೆ ಅರ್ಧ ಜೋಡಿಸಿದ ದವಡೆಯೊಂದಿತ್ತು. ಅದನ್ನೊಮ್ಮೆ ನೋಡಿದ, ಗಾಜಿನ ಮೇಲಿನ ಹುಳುವನ್ನೊಮ್ಮೆ ನೋಡಿದ.

"ನಾನು ಜೀವನವೆಲ್ಲ ಕೂತು ಮಾಡಿದ್ದಕ್ಕಿಂತ ಜಾಸ್ತಿ ಹಲ್ಲು ಇದರ ಬಾಯಲ್ಲಿದೆ ಪಂಡಿತ," ಎಂದ. "ರಿಪೇರಿಗೂ ಯಾರ ಹತ್ರಾನೂ ಹೋಗಲ್ಲ."

ಆ ವಿಡಿಯೊ ಎಲ್ಲಕ್ಕಿಂತ ಹೆಚ್ಚು ಓಡಿತು. ಅವನು ಮಾತ್ರ ಅಕ್ಕನಿಗೆ ಅದನ್ನು ಹೇಗೆ ದಾಟಿಸುವುದು ಎಂದು ತಲೆ ಕೆಡಿಸಿಕೊಂಡ. ಮಾತಿನಲ್ಲಿ ಹೇಳಿದ. ಹೇಳಿದ್ದು ಸಾಲದೆನಿಸಿ ಕೈಗೆ ಕೊಡೋಣವೆಂದು ಹೊರಟ. ಮೇಣದಲ್ಲಿ ಹುಳುವಿನ ಚಿಪ್ಪನ್ನು ತೆಂಗಿನಕಾಯಿ ಗಾತ್ರಕ್ಕೆ ಕೆತ್ತಿ, ಪ್ಲಾಸ್ಟರಿನಲ್ಲಿ ಎರಕ ಹೊಯ್ದ. ಹಲ್ಲಿನ ಪಟ್ಟಿಯನ್ನೂ ಹಾಗೇ, ಅಂಗೈಯಗಲ. ಕೆಲಸ ಬಿಟ್ಟು ವಾರಗಟ್ಟಲೆ ಅದಕ್ಕೇ ಕೂತ. ಸೆಟ್ಟಿಗಾಗಿ ಕಾಯುತ್ತಿದ್ದವರು ಗಂಜಿ ಕುಡಿದುಕೊಂಡು ಅವನನ್ನು ಬೈಯುತ್ತಿದ್ದರು. ಕೊನೆಗೆ ನಯವಾದ, ತಣ್ಣನೆಯ, ಅಷ್ಟು ಚೆಂದದ ಚಿಪ್ಪನ್ನು ತಂದು ಅಕ್ಕನ ಮಡಿಲಲ್ಲಿ ಇಟ್ಟ. ನಾನೂ ಇದ್ದೆ.

ಅಕ್ಕ ಬೆರಳಾಡಿಸಿದರು. ಸುರುಳಿಯ ತುದಿಯಿಂದ ಬಾಯಿಯವರೆಗೆ ಒಂದು ಸಲ, ಮತ್ತೊಂದು ಸಲ. ಮನೆಯಲ್ಲಿ ಹಿಂದೆ ಯಾವಾಗಲೋ ಸತ್ತ ಹುಳುವಿನ ಖಾಲಿ ಚಿಪ್ಪೊಂದಿತ್ತು, ಅದನ್ನು ಕೇಳಿ ಇಸಿದುಕೊಂಡು ಇನ್ನೊಂದು ಕೈಯ ಎರಡು ಬೆರಳ ನಡುವೆ ಹಿಡಿದರು. ಮುಖದಲ್ಲಿ ನಗು ಮೂಡಿತು.

"ಪುಟ್ಟ, ಇದು ಈ ಕಡೆ ಸುತ್ತುತ್ತೆ. ನಿಂದು ಆ ಕಡೆ ಸುತ್ತುತ್ತೆ."

ಅವನು ನಂಬಲಿಲ್ಲ. ಎರಡನ್ನೂ ಕಿತ್ತುಕೊಂಡು ದೀಪದ ಕೆಳಗೆ ಹಿಡಿದ. ನಾನೂ ಬಗ್ಗಿ ನೋಡಿದೆ. ಅಕ್ಕ ಹೇಳಿದ್ದು ಸರಿ. ಹುಳುವಿನ ಸುರುಳಿ ಬಲಕ್ಕೆ, ಅವನ ಸುರುಳಿ ಎಡಕ್ಕೆ. ಹೇಗಾಯಿತು ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹಲ್ಲು ಜೋಡಿಸುವವರು ನಾಲಿಗೆಯ ಕಡೆಯ ಮೈಯನ್ನು ಸಣ್ಣ ಕನ್ನಡಿಯಲ್ಲಿ ನೋಡಿಕೊಂಡು ತಿದ್ದುತ್ತಾರೆ. ಹುಳುವಿನ ಚಿಪ್ಪನ್ನೂ ಅವನು ಆ ಕನ್ನಡಿಯಲ್ಲೇ ನೋಡಿ ಕೆತ್ತಿದ್ದ, ಅಭ್ಯಾಸ ಬಲ. ಕನ್ನಡಿ ಎಡಬಲ ಅದಲು ಬದಲು ಮಾಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಬಾಯಲ್ಲಿ ಪ್ರತಿ ಹಲ್ಲಿಗೂ ಆಚೆ ಕಡೆ ಒಂದು ಜೋಡಿ ಇರುತ್ತದೆ. ಕನ್ನಡಿಯಲ್ಲಿ ಕಂಡ ಎಡದ ಹಲ್ಲು ಬಲದ ಹಲ್ಲಿನ ಹಾಗೇ ಇರುತ್ತದೆ, ಕಣ್ಣಿಗೆ ಒಡೆದು ಕಾಣುವುದಿಲ್ಲ. "ಈ ಪ್ರಾಣಿಗೆ ಆಚೆ ಕಡೆ ಅಂತ ಒಂದಿಲ್ಲವಲ್ಲೋ," ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ. ಅದನ್ನೂ ಒಂದು ವಿಡಿಯೊ ಮಾಡಿ, ಎರಡು ಚಿಪ್ಪನ್ನೂ ಅಕ್ಕಪಕ್ಕ ಇಟ್ಟು, ನನ್ನ ಅಕ್ಕ ನನ್ನ ಕಿವಿ ಹಿಂಡಿದ್ದಾಳೆ ನೋಡಿ ಎಂದು ಎಲ್ಲರಿಗೂ ತೋರಿಸಿದ.

ನಾವು ಹೊಟ್ಟೆ ಹಿಡಿದು ನಕ್ಕೆವು. ನಗು ಮುಗಿದ ಮೇಲೆ ಅಕ್ಕ, ಅವನು ಮತ್ತೆ ಮಡಿಲಿಗೆ ಇಟ್ಟಿದ್ದ ಪ್ಲಾಸ್ಟರಿನ ಚಿಪ್ಪನ್ನು ಎತ್ತಿ ಮೇಜಿನ ಮೇಲೆ ಇಟ್ಟರು.

"ಚೆನ್ನಾಗಿದೆ ಕಣೋ. ಆದ್ರೆ ಇದು ನಿನ್ನ ಕೈ, ಹುಳು ಅಲ್ಲ. ನೀನು ಹೇಳೋದು ನಿನ್ನ ಬಾಯಿ. ಕಣ್ಣು ಹೋದಾಗಿಂದ ನಂಗೆ ಬರೋದೆಲ್ಲ ನಿನ್ನನ್ನ ದಾಟ್ಕೊಂಡೇ ಬರುತ್ತೆ. ಒಂದಾದ್ರೂ ನೇರವಾಗಿ ಬರಬಾರ್ದಾ?"

ದೂರಿನ ದನಿಯಲ್ಲ ಅದು. ಎಕ್ಸ್‌ಚೇಂಜಿನಲ್ಲಿ, ಈ ಲೈನ್ ಸರಿಯಿಲ್ಲ, ಬೇರೆ ಕೊಡಿ ಎಂದು ಹೇಳುತ್ತಿದ್ದರಲ್ಲ, ಆ ದನಿ. ಅವನಿಗೆ ಮಾತ್ರ ಅದು ನಾಟಿತು.

ವೈದ್ಯರು ಅವನ ಎದೆಯ ಫೋಟೊ ಮುಂದಿಟ್ಟುಕೊಂಡು ಮಾತಾಡಿದ್ದು ಅದೇ ತಿಂಗಳು. ಶಸ್ತ್ರಚಿಕಿತ್ಸೆ ತಾಳಿಕೊಳ್ಳುವ ಹೃದಯವಲ್ಲ, ಮಾತ್ರೆಯಲ್ಲಿ ಆದಷ್ಟು ದಿನ ಎಂದಿದ್ದರು. ಆಸ್ಪತ್ರೆಯಿಂದ ಇಬ್ಬರೂ ನಡೆದೇ ಬಂದೆವು. ಬೇಲಿಯ ಹತ್ತಿರ ನಿಂತು ಜೇಡರ ಬಲೆಯೊಂದನ್ನು ನೋಡಿದ. ಯಾವತ್ತಿನ ಹಾಗೆ ನನ್ನ ತೋಳು ಹಿಡಿದು ಎಳೆಯಲಿಲ್ಲ. ಅಕ್ಕನಿಗೆ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಅವಳು ದನಿಯಲ್ಲೇ ಹಿಡಿಯುತ್ತಾಳೆ ಎಂದ. ಆಮೇಲೆ ಹೇಳಿದ:

"ನಾನು ಹೋದ್ಮೇಲೆ ಅವಳಿಗೆ ಎಲ್ಲಾ ಒಂದೇ ಸಲ ಕತ್ತಲಾಗಿಬಿಡುತ್ತೆ ಪಂಡಿತ. ನಾನು ಮಧ್ಯ ಇಲ್ದೆ ಅವಳಿಗೊಂದು ಸಿಗ್ಬೇಕು. ಒಂದೇ ಒಂದು ಸಾಕು. ಒಂದು ಸಿಕ್ಕಿದ್ರೆ ಮಿಕ್ಕಿದ್ದು ಅವಳೇ ಹುಡ್ಕೋತಾಳೆ."

ಅವನು ಆರಿಸಿಕೊಂಡದ್ದು ಬಸವನಹುಳುವಿನ ಹಲ್ಲಿನ ಸದ್ದು. ಅಷ್ಟು ಹಲ್ಲು ಕೆರೆಯುವಾಗ ಸದ್ದು ಬಂದೇ ಬರಬೇಕು, ಅದನ್ನು ಅಕ್ಕ ತನ್ನ ಕಿವಿಯಲ್ಲೇ ಕೇಳಬೇಕು. ಫೋನಿನಲ್ಲಿ ಹಿಡಿದು ದೊಡ್ಡದು ಮಾಡಿ ಕೇಳಿಸಬಹುದಲ್ಲ ಎಂದೆ. ಅದು ಮತ್ತೆ ನನ್ನ ಫೋನು, ನನ್ನ ಕೈವಾಡ ಎಂದ. ನೇರವಾಗಿ ಎಂದರೆ ನೇರವಾಗಿ.

ಮೊದಲು ಎಲೆಯ ಮೇಲೆ ಹುಳು ಬಿಟ್ಟು, ಅಕ್ಕನ ಕಿವಿಯ ಹತ್ತಿರ ಹಿಡಿದ. ಕೆಳಗಿನ ಅಂಗಡಿಯ ಬಡಗಿಯ ಗರಗಸ ಕೇಳಿಸಿತು, ಪಕ್ಕದ ಮನೆಯ ನಲ್ಲಿ ಕೇಳಿಸಿತು, ಹುಳು ಕೇಳಿಸಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡುವಾಗ ದಂತವೈದ್ಯರು ಆ ಹಲ್ಲಿನ ಸುತ್ತ ತೆಳುವಾದ ರಬ್ಬರ್ ಹಾಳೆ ಬಿಗಿಯುತ್ತಾರೆ. ಅಂಥದೊಂದು ಹಾಳೆಯನ್ನು ವೈದ್ಯೆಯಿಂದ ಇಸಿದುಕೊಂಡು, ಎಣ್ಣೆ ಸುರಿಯುವ ಆಲಿಕೆಯ ಅಗಲದ ಬಾಯಿಗೆ ತಮಟೆಯ ಹಾಗೆ ಬಿಗಿದ. ಕಿರಿದಾದ ತುದಿಗೆ ರಬ್ಬರ್ ಕೊಳವೆ, ಕೊಳವೆಯ ಇನ್ನೊಂದು ತುದಿ ಅಕ್ಕನ ಕಿವಿಗೆ. ಹಾಳೆಯ ಮೇಲೆ ಹಿಟ್ಟಿನ ಗಂಜಿ ಬಳಿದು ಆರಿಸಿ, ಅದರ ಮೇಲೆ ಹುಳುವನ್ನು ಕೂರಿಸಿದ. ಅದು ಹಲ್ಲು ಹಾಕಿದರೆ ಹಾಳೆ ಅದುರಬೇಕು, ಅದುರಿದ್ದು ಆಲಿಕೆಯಲ್ಲಿ ಒಟ್ಟಾಗಿ ಕಿವಿಗೆ ಇಳಿಯಬೇಕು. ನನ್ನ ಎದೆಗೆ ಕೊಳವೆ ಇಟ್ಟು ಕೇಳಿದ ವೈದ್ಯರಿಂದಲೇ ಇದನ್ನು ಕಲಿತೆ ಎಂದು ತಮಾಷೆ ಮಾಡಿದ. ಅಕ್ಕ ನಗಲಿಲ್ಲ.

ಯಂತ್ರ ಚೆನ್ನಾಗಿತ್ತು. ತೊಂದರೆ ಬಂದದ್ದು ಅವನ ಬಾಯಿಂದ.

ಹುಳು ಕೋಡು ಚಾಚಿ, ಬಾಯಿ ತೆರೆದು, ಇನ್ನೇನು ಗಂಜಿಗೆ ಮುಟ್ಟಿಸಬೇಕು, ಅಷ್ಟರಲ್ಲಿ ಅವನು ತಡೆಯಲಾರದೆ "ನೋಡು, ಬಾಯಿ ತೆರೀತು, ಬಂತು ಬಂತು!" ಎಂದುಬಿಡುತ್ತಿದ್ದ. ಮಾತಿಗೆ ಹಾಳೆ ಅದುರುತ್ತಿತ್ತು. ಹುಳು ಕೋಡು ಒಳಗೆಳೆದು, ಚಿಪ್ಪಿನೊಳಗೆ ಸೇರಿ ಬಾಗಿಲು ಹಾಕುತ್ತಿತ್ತು. ಅದು ಮತ್ತೆ ಹೊರಗೆ ಬರುವ ಹೊತ್ತಿಗೆ ಕೆಳಗೆ ಗರಗಸ ಶುರುವಾಗಿರುತ್ತಿತ್ತು. ಮಾರನೆಯ ದಿನ ಮತ್ತೆ ಅದೇ ಕತೆ. ಈ ಸಲ ಮಾತಾಡುವುದಿಲ್ಲ ಎಂದು ಆಣೆ ಇಡುತ್ತಿದ್ದ, ಆದರೆ ಬಾಯಿ ಹುಳುವಿನದ್ದೂ ಇವನದ್ದೂ ಒಟ್ಟಿಗೇ ತೆರೆದುಕೊಳ್ಳುತ್ತಿತ್ತು. ಅದೆಷ್ಟು ಸಲ ಕಂಡಿದ್ದರೂ ಅವನಿಗೆ ಅದು ಹಳತಾಗಲಿಲ್ಲ. ಬೆರಗು ಎನ್ನುವುದು ಅವನಿಗೆ ಬಿಕ್ಕಳಿಕೆಯ ಹಾಗೆ, ಹಿಡಿದಿಟ್ಟುಕೊಳ್ಳಲು ಬರುತ್ತಿರಲಿಲ್ಲ.

"ನಿನ್ನ ಬಾಯಿಗೊಂದು ಅಚ್ಚು ತಗೊಳ್ಳೋ," ಎಂದರು ಅಕ್ಕ. "ಆವಾಗಾದ್ರೂ ಮುಚ್ಕೊಂಡಿರುತ್ತೆ."

ಅವರು ಹಾಸ್ಯಕ್ಕೆ ಹೇಳಿದ್ದು. ಅವನು ಎದ್ದು ಹೋಗಿ ಅಚ್ಚು ತೆಗೆಯುವ ಲೋಹದ ತಟ್ಟೆಯನ್ನು ತಂದು, ಅದಕ್ಕೆ ಹಿಟ್ಟಿನಂಥ ಅಚ್ಚಿನ ವಸ್ತುವನ್ನು ಕಲಸಿ ತುಂಬಿ, ನಿಜವಾಗಿಯೂ ಬಾಯಿಗೆ ಇಟ್ಟುಕೊಂಡ. ಜೊಲ್ಲು ಸುರಿಯುತ್ತಾ, ಕಣ್ಣು ಅಗಲ ಮಾಡಿಕೊಂಡು, ಆಲಿಕೆಯ ಮುಂದೆ ಕುಳಿತ. ಹುಳು ಬಾಯಿ ತೆರೆಯಿತು. ಅವನು ತಟ್ಟೆ ಕಚ್ಚಿಕೊಂಡೇ "ಊಂ! ಊಂ!" ಎಂದ. ಹುಳು ಒಳಗೆ ಹೋಯಿತು. ಅಕ್ಕ ಕಿವಿಯಿಂದ ಕೊಳವೆ ಕಿತ್ತು ಮೇಜಿನ ಮೇಲೆ ಎಸೆದು, ಹೀಗಾದರೆ ಸೊಪ್ಪಿನ ಜೊತೆ ಇವನನ್ನೂ ಬೇಯಿಸಿಬಿಡುತ್ತೇನೆ ಎಂದು ಗದರಿದರು. ನಾನು ನಗು ತಡೆಯಲಾರದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಇಬ್ಬರೂ ನಗುತ್ತಿದ್ದುದು ಕೇಳಿಸಿತು. ಮುದುಕರ ನಗುವಲ್ಲ ಅದು.

ಆದರೆ ದಿನ ಹೋದ ಹಾಗೆ ಆಟ ಮುಗಿಯುತ್ತಾ ಬಂತು. ಮೆಟ್ಟಿಲು ಹತ್ತಿದರೆ ಅವನ ತುಟಿ ನೀಲಿಯಾಗುತ್ತಿತ್ತು. ಸೆಟ್ಟಿನ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಕಿಟಕಿಯ ಕಟ್ಟೆಯ ದವಡೆಗಳು ಒಂದೊಂದಾಗಿ ಮನೆ ಸೇರಿ, ಕಟ್ಟೆ ಖಾಲಿಯಾಯಿತು. ಕೋಡು ಚಾಚಿದ ಹುಳುವಿನ ಮುಂದೆ ಬೆಳಗ್ಗೆ ಬೆಳಗ್ಗೆ, ಗರಗಸ ಏಳುವುದಕ್ಕೆ ಮೊದಲು ಕೂರುವುದು ಮಾತ್ರ ತಪ್ಪಲಿಲ್ಲ. ಸೋಮವಾರ ಸಂಜೆ ನಾನು ಹೋದಾಗ ಹಾಳೆಯನ್ನು ಇನ್ನೊಂದಿಷ್ಟು ಬಿಗಿಯುತ್ತಿದ್ದ. ನಾಳೆ ಮಾತಾಡುವುದಿಲ್ಲ ಎಂದ. ನಾನು ನಕ್ಕೆ. "ಇಲ್ಲ ಪಂಡಿತ," ಎಂದ, "ನಾಳೆ ನಾನು ಹುಳುವನ್ನ ನೋಡಲ್ಲ. ಅಕ್ಕನ ಮುಖ ನೋಡ್ತಾ ಕೂರ್ತೀನಿ."

ಮಂಗಳವಾರ ಬೆಳಗ್ಗೆ ಏನಾಯಿತೆಂದು ನನಗೆ ಗೊತ್ತಿರುವುದು ಅಕ್ಕ ಹೇಳಿದ್ದರಿಂದ, ಮತ್ತು ಫೋನಿನಿಂದ. ಫೋನು ಎಂದಿನಂತೆ ದೀಪದ ತೋಳಿನಲ್ಲಿ ಚಿತ್ರ ತೆಗೆಯುತ್ತಿತ್ತು. ಅದರಲ್ಲಿ ಕಾಣುವುದು ಬಿಗಿದ ಹಾಳೆ, ಹುಳು, ಮೇಜಿನ ಒಂದು ಅಂಚು, ಅಷ್ಟೇ. ಹುಳು ತಿನ್ನುವ ಸದ್ದು ಅದರಲ್ಲಿ ಇಲ್ಲ. ಆ ಸದ್ದು ಕೊಳವೆಯೊಳಗಿಂದ ನೇರ ಅಕ್ಕನ ಕಿವಿಗೇ ಹೋಯಿತು.

ಹುಳು ಗಂಜಿಗೆ ಬಾಯಿ ಇಡುತ್ತದೆ. ಆಮೇಲೆ ಅಕ್ಕನ ದನಿ, ತೀರ ಮೆಲ್ಲಗೆ: "ಬಂತು. ಮಾತಾಡ್ಬೇಡ."

ಅವನು ಮಾತಾಡಲಿಲ್ಲ.

ಮಾತಾಡಿದ್ದು ಅಕ್ಕ. ಇಷ್ಟು ವರ್ಷ ಅವನು ಅವರಿಗೆ ಹೇಳುತ್ತಿದ್ದ ಹಾಗೆ, ಈಗ ಅವರು ಅವನಿಗೆ ಪಿಸುದನಿಯಲ್ಲಿ ಹೇಳುತ್ತಾ ಹೋದರು. "ಬೆಕ್ಕು ಕೈ ನೆಕ್ಕಿದ ಹಾಗಿದೆ ಕಣೋ. ಒಂದ್ಸಲ ಕೆರೆಯುತ್ತೆ, ಬಿಡುತ್ತೆ. ಮತ್ತೆ ಕೆರೆಯುತ್ತೆ. ಎಷ್ಟು ಗಟ್ಟಿ ಇದೆ ಇದು, ಇಷ್ಟು ಸಣ್ಣ ಪ್ರಾಣಿ. ಬಿಡೋವಾಗ ಒಂದು ಬೇರೆ ಸದ್ದು ಇದೆ, ನೀನು ಹೇಳಿರ್ಲಿಲ್ಲ ಅದನ್ನ. ಅಂಟು ಬಿಟ್ಟ ಹಾಗೆ. ನಿಂಗೆ ಗೊತ್ತಿತ್ತಾ ಇದು? ಹೇಳ್ಬೇಡ, ಹೇಳ್ಬೇಡ."

ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇಲ್ಲ. ಮೊನ್ನೆ ಅಕ್ಕ ನನ್ನ ಕಿವಿಗೂ ಕೊಳವೆ ಇಟ್ಟರು. ಬಹಳ ಹೊತ್ತು ನನಗೇನೂ ಕೇಳಿಸಲಿಲ್ಲ. ಅವರು ನನ್ನ ಭುಜ ಹಿಡಿದು, ತಡಿ, ಅವಸರ ಮಾಡಬೇಡ ಎಂದರು. ಆಮೇಲೆ ಕೇಳಿಸಿತು. ತೀರ ಹತ್ತಿರದಲ್ಲಿ ಯಾರೋ ನಿಧಾನವಾಗಿ, ಬೇಸರವಿಲ್ಲದೆ, ಜಗತ್ತನ್ನು ಒಂದೊಂದು ಪದರವಾಗಿ ತೆಗೆದು ತಿನ್ನುತ್ತಿದ್ದಂತೆ ಇತ್ತು. ಆ ಹಲ್ಲಿನ ಪಟ್ಟಿಯ ಬಗ್ಗೆ ಅವನಿಗೆ ಓದಿ ಹೇಳಿದವನು ನಾನೇ, ಆದರೆ ಅದು ಇದೆ ಎಂದು ನನಗೆ ಗೊತ್ತಾದದ್ದು ಮೊನ್ನೆ.

ಅಷ್ಟು ಹೊತ್ತು ಸುಮ್ಮನಿದ್ದನಲ್ಲ, ನಿಮಗೆ ಅನುಮಾನ ಬರಲಿಲ್ಲವೇ ಎಂದು ಯಾರೋ ನೆಂಟರು ಅಕ್ಕನನ್ನು ಕೇಳಿದರು. ಕೇಳಬಾರದಿತ್ತು. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ಬಾಯಿ ಮುಚ್ಚದವನು ಇವತ್ತು ನನಗಾಗಿ ಮುಚ್ಚಿದ್ದಾನೆ, ಇರಲಿ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ ಎಂದುಕೊಂಡೆ ಎಂದರು.

ಫೋನಿನಲ್ಲಿ ಇರುವುದು ಇಷ್ಟು. ಬಳಿದಿದ್ದ ಗಂಜಿ ಮುಗಿಯುತ್ತಾ ಬರುತ್ತದೆ. ಹುಳು ತಲೆ ಎತ್ತಿ ಅತ್ತ ಇತ್ತ ಕೋಡು ಆಡಿಸುತ್ತದೆ. "ನಿಂತುಹೋಯ್ತು," ಎಂದು ಅಕ್ಕನ ದನಿ. ಆಗ ಚಿತ್ರದೊಳಕ್ಕೆ ಅವನ ಕೈ ಬರುತ್ತದೆ. ಹಿಡಿದಿರುವುದು ಮೇಣದ ಚಾಕು. ತುದಿಯಲ್ಲಿ ಒಂದು ಬೊಟ್ಟು ಗಂಜಿ. ಅದನ್ನು ಹುಳುವಿನ ಬಾಯಿಯ ಮುಂದೆ ಹಾಳೆ ಅಲುಗದಂತೆ ಇಡುತ್ತಾನೆ, ಹಲ್ಲಿನ ಬುಡಕ್ಕೆ ಮೇಣ ಸವರುವ ಹಾಗೆ ಸುತ್ತಲೂ ತೆಳ್ಳಗೆ ಸವರುತ್ತಾನೆ. ಹುಳು ಬಾಯಿ ತೆರೆಯುತ್ತದೆ. ಅವನು ಕೈಯನ್ನು ಹಿಂದಕ್ಕೆ ತಂದು, ಚಾಕುವನ್ನು ಮೇಜಿನ ಅಂಚಿನಲ್ಲಿದ್ದ ಬಟ್ಟೆಯ ಮೇಲೆ ಸದ್ದಾಗದಂತೆ ಇಡುತ್ತಾನೆ. ಆ ಕೈ ಮತ್ತೆ ಚಿತ್ರದೊಳಕ್ಕೆ ಬರುವುದಿಲ್ಲ.